ಕಲ್ಯಾಣದ ಬಿಸಿಲಿಗೆ ಗಾಜಿನ ಗಡಿಯಾರ

ವರ್ಣಗಾಜಿನ ಸೂರ್ಯಗಡಿಯಾರವೆಂದರೆ ಕಿಟಕಿಯ ಗಾಜಿನ ಮೇಲೆಯೇ ಗಂಟೆಗಳ ಗೆರೆಗಳನ್ನು ಬರೆದು, ಹೊರಮೈಗೆ ಲೋಹದ ಕಡ್ಡಿಯೊಂದನ್ನು ನೆಟ್ಟು, ಆ ಕಡ್ಡಿಯ ನೆರಳು ಗಾಜನ್ನು ಹಾಯ್ದು ಮನೆಯೊಳಗಿನವರ ಕಣ್ಣಿಗೆ ಬೀಳುವಂತೆ ಮಾಡಿದ ಕಾಲಮಾಪಕ. ಕಲ್ಲಿನ ಅಥವಾ ಲೋಹದ ಸೂರ್ಯಗಡಿಯಾರವನ್ನು ನೋಡಲು ಬಿಸಿಲಿಗೆ ಹೋಗಬೇಕಾದರೆ, ಇದು ಬಿಸಿಲನ್ನೇ ಒಳಗೆ ಕರೆದು ಸಮಯ ಹೇಳಿಸುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳಲ್ಲಿ ವರ್ಷದ ಬಹುಭಾಗ ಬಿಸಿಲಿಗೆ ಬರವಿಲ್ಲ. ನೆರಳನ್ನು ಅಳೆದು ಕಾಲವನ್ನೂ ದಿಕ್ಕನ್ನೂ ತಿಳಿಯುವ ಶಾಸ್ತ್ರವೂ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಹೊಸದಲ್ಲ. ಆದರೂ ಯುರೋಪಿನ ಕಿಟಕಿ ಗಡಿಯಾರವನ್ನು ಹಾಗೆಯೇ ತಂದು ಇಲ್ಲಿಯ ಗೋಡೆಗೆ ಕೂರಿಸಿದರೆ ಅದು ವರ್ಷವಿಡೀ ಕೆಲಸ ಮಾಡುವುದಿಲ್ಲ. ಈ ಅಕ್ಷಾಂಶಕ್ಕೆ ಒಪ್ಪುವ ರೂಪ ಯಾವುದು, ಅದನ್ನು ಹೇಗೆ ಕಟ್ಟಬೇಕು, ನೆರಳಿನ ಅಳತೆಯಲ್ಲಿ ಆಸಕ್ತಿಯುಳ್ಳವರು ಒಂದೆಡೆ ಸೇರಿದರೆ ಯಾವ ದಿನ ಏನನ್ನು ಅಳೆಯಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಗಾಜಿನ ಸೂರ್ಯಗಡಿಯಾರಗಳು ಹೆಚ್ಚಾಗಿ ತಯಾರಾದದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ. ಲಂಡನ್ನಿನ ಜಾನ್ ಆಲಿವರ್ ಮತ್ತು ಯಾರ್ಕ್ ಪಟ್ಟಣದ ಹೆನ್ರಿ ಗೈಲ್ಸ್ (1645–1709) ಈ ಕಸುಬಿನ ಹೆಸರಾಂತ ಕುಶಲಿಗಳು. ಅವರ ಕಾಲದ ಗಡಿಯಾರಗಳಲ್ಲಿ ನಡುವೆ ಹಾಲುಬಣ್ಣದ ಮಸುಕು ಲೇಪನವಿರುವ ಗಾಜಿನ ಫಲಕವಿದ್ದು, ಅದರ ಮೇಲೆ ಕಪ್ಪು ಗೆರೆಗಳೂ, ಬೆಳ್ಳಿಯ ಸಂಯುಕ್ತದಿಂದ ಬಂದ ಹಳದಿಯ ಅಂಚೂ, ಹಲವೆಡೆ ನಿಜವೆಂದೇ ಭ್ರಮೆ ಹುಟ್ಟಿಸುವ ಒಂದು ನೊಣದ ಚಿತ್ರವೂ ಕಾಣಸಿಗುತ್ತವೆ. ಕಾಲ ಹಾರಿಹೋಗುತ್ತದೆ ಎಂಬುದನ್ನು ಆ ನೊಣ ಸೂಚಿಸುತ್ತದೆ. ಮಸುಕು ಲೇಪನ ಬರಿಯ ಅಲಂಕಾರವಲ್ಲ. ಪೂರ್ಣ ಪಾರದರ್ಶಕವಾದ ಗಾಜಿನಲ್ಲಿ ಬೆಳಕು ನಿಲ್ಲದೆ ನೇರವಾಗಿ ಹಾಯ್ದುಹೋಗುವುದರಿಂದ ನೆರಳು ಅದರ ಮೇಲೆ ಮೂಡುವುದೇ ಇಲ್ಲ. ಬೆಳಕನ್ನು ಚದುರಿಸುವ ಒಂದು ಪದರವಿದ್ದಾಗ ಮಾತ್ರ ಕಡ್ಡಿಯ ನೆರಳು ಗೆರೆಯಾಗಿ ಕಾಣುತ್ತದೆ. ಕರ್ನಾಟಕದ ಓದುಗರಿಗೆ ವರ್ಣಗಾಜಿನ ಪರಿಚಯವಿರುವುದು ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳಿಂದ ಮತ್ತು ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಚಾವಣಿಯಿಂದ. ಅಲ್ಲಿ ಬಣ್ಣಕ್ಕೆ ಪ್ರಾಧಾನ್ಯ, ಗಡಿಯಾರದಲ್ಲಿ ನೆರಳಿಗೆ ಪ್ರಾಧಾನ್ಯ. ಈ ವ್ಯತ್ಯಾಸವನ್ನು ಮರೆತು ಕಡುಗೆಂಪು, ಕಡುನೀಲಿ ಗಾಜನ್ನು ಫಲಕದ ನಡುವೆ ಹಾಕಿದರೆ ನೆರಳು ಅದರಲ್ಲಿ ಮುಳುಗಿಹೋಗುತ್ತದೆ.

ದಕ್ಷಿಣದ ಕಿಟಕಿ ಇಲ್ಲಿ ಏಕೆ ಸಾಲದು

ಆ ಇಂಗ್ಲಿಷ್ ಗಡಿಯಾರಗಳು ದಕ್ಷಿಣಕ್ಕೆ ಮುಖಮಾಡಿದ ಕಿಟಕಿಗಳಿಗೆ ಹೇಳಿ ಮಾಡಿಸಿದಂಥವು. ಯಾರ್ಕ್ ಪಟ್ಟಣ 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ತಿಂಗಳ ನಡುಹಗಲಿನಲ್ಲಿಯೂ ಸೂರ್ಯ ದಕ್ಷಿಣದಲ್ಲೇ ಇದ್ದು ಗೋಡೆಯ ಮೇಲೆ ಬಿಸಿಲು ಬೀಳುತ್ತದೆ. ಬಸವಕಲ್ಯಾಣದ ಅಕ್ಷಾಂಶ ಸುಮಾರು 17.87 ಡಿಗ್ರಿ, ಹುಮನಾಬಾದಿನದು ಸುಮಾರು 17.77 ಡಿಗ್ರಿ. ಸೂರ್ಯನು ವಿಷುವದ್ವೃತ್ತದಿಂದ, ಅಂದರೆ ಭೂಮಿಯ ಸಮಭಾಜಕವನ್ನು ಆಕಾಶಕ್ಕೆ ಚಾಚಿದಾಗ ದೊರೆಯುವ ವೃತ್ತದಿಂದ, ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಸರಿದಿದ್ದಾನೆ ಎಂಬುದಕ್ಕೆ ಕ್ರಾಂತಿ ಎಂದು ಹೆಸರು. ಸೂರ್ಯನ ಉತ್ತರ ಕ್ರಾಂತಿ ಊರಿನ ಅಕ್ಷಾಂಶವನ್ನು ಮೀರಿದ ದಿನಗಳಲ್ಲಿ ಸೂರ್ಯ ಬೆಳಗಿನಿಂದ ಸಂಜೆಯವರೆಗೂ ಆಕಾಶದ ಉತ್ತರ ಭಾಗದಲ್ಲೇ ಇರುತ್ತಾನೆ. ಕಲ್ಯಾಣದಲ್ಲಿ ಇದು ಮೇ 12ರ ಸುಮಾರಿನಿಂದ ಆಗಸ್ಟ್ 1ರ ಸುಮಾರಿನವರೆಗೆ, ಎಂದರೆ ಹೆಚ್ಚುಕಡಿಮೆ 80 ದಿನ ನಡೆಯುತ್ತದೆ. ಅಷ್ಟೂ ದಿನ ನೇರ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಮೇಲೆ ಬಿಸಿಲಿನ ಒಂದು ಎಳೆಯೂ ಬೀಳುವುದಿಲ್ಲ. ಅದಕ್ಕೆ ಮುಂಚಿನ ಏಪ್ರಿಲ್ ತಿಂಗಳೂ ಪೂರ್ತಿ ಅನುಕೂಲವಲ್ಲ: ಏಪ್ರಿಲ್ 20ರ ಸುಮಾರಿಗೆ ಸ್ಥಳೀಯ ಸೌರಕಾಲದಂತೆ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಬಿಸಿಲು ಆ ಗೋಡೆಗೆ ಬಂದು, ಮಧ್ಯಾಹ್ನ ಮೂರೂವರೆಯೊಳಗೆ ಬಿಟ್ಟುಹೋಗುತ್ತದೆ, ಇರುವಷ್ಟು ಹೊತ್ತೂ ಗೋಡೆಯನ್ನು ಸವರುವಂತೆ ಓರೆಯಾಗಿ ಬೀಳುವುದರಿಂದ ಗಾಜು ಬೆಳಕಿನ ಬಹುಪಾಲನ್ನು ಒಳಗೆ ಬಿಡದೆ ಹೊರಕ್ಕೇ ಪ್ರತಿಫಲಿಸುತ್ತದೆ.

ಆದ್ದರಿಂದ ಈ ಪ್ರದೇಶದಲ್ಲಿ ದಕ್ಷಿಣದ ಕಿಟಕಿ ಗಡಿಯಾರವು ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗಿನ ಆರು ತಿಂಗಳ ಸಾಧನವಷ್ಟೇ. ಆ ಆರು ತಿಂಗಳಿಗೇ ಸಾಕೆನ್ನುವವರು ಕಡ್ಡಿಯನ್ನು ಗೋಡೆಗೆ 72 ಡಿಗ್ರಿ ಕೋನದಲ್ಲಿ, ಕೆಳಮುಖವಾಗಿ ದಕ್ಷಿಣಕ್ಕೆ ಚಾಚುವಂತೆ ನಿಲ್ಲಿಸಬಹುದು. ಒಳಗಿನಿಂದ ನೋಡುವವರಿಗೆ ಬೆಳಗಿನ ಗಂಟೆಗಳು ಬಲಕ್ಕೂ, 12 ಕೆಳಗೂ, ಸಂಜೆಯ ಗಂಟೆಗಳು ಎಡಕ್ಕೂ ಬರುತ್ತವೆ ಎಂಬುದನ್ನು ಅಂಕಿ ಬರೆಯುವಾಗ ಲಕ್ಷ್ಯದಲ್ಲಿಡಬೇಕು. ವರ್ಷವಿಡೀ ನಡೆಯುವ ಗಡಿಯಾರ ಬೇಕಾದವರಿಗೆ ಬೇರೆ ದಾರಿಯಿದೆ. ಆ ದಾರಿಯನ್ನು ಭಾರತೀಯ ಖಗೋಳಶಾಸ್ತ್ರ ಮೊದಲೇ ತೋರಿಸಿದೆ.

ಕಲ್ಯಾಣ ಮತ್ತು ನೆರಳಿನ ಗಣಿತ

11ನೇ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಆಹವಮಲ್ಲನೆಂಬ ಬಿರುದಿನ ಅದೇ ಅರಸನ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು ಕನ್ನಡದ ಮೊದಲ ಜ್ಯೋತಿಷ ಗ್ರಂಥವೆನಿಸಿದ ಜಾತಕತಿಲಕವನ್ನು ಬರೆದನು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನ ಹೆಸರಿನಲ್ಲೇ ಹೊಸ ಶಕೆಯೊಂದನ್ನು ಆರಂಭಿಸಿದನು. ಅವನ ಮಗ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ಗ್ರಹಗಣಿತದ ಎಣಿಕೆಯನ್ನು ಶಕ 1051ರ, ಎಂದರೆ ಕ್ರಿ.ಶ. 1129ರ, ಚೈತ್ರದಿಂದ ಪ್ರಾರಂಭಿಸುತ್ತದೆ. ಈ ಕಾಲದ ಕನ್ನಡ ಶಾಸನಗಳಲ್ಲಿ ದಾನಗಳು ಉತ್ತರಾಯಣ ಸಂಕ್ರಾಂತಿ, ವಿಷುವ, ಗ್ರಹಣಗಳಂದು ನಡೆದವೆಂದು ಮತ್ತೆ ಮತ್ತೆ ಹೇಳಿರುವುದನ್ನು ಗಮನಿಸಿದರೆ, ಸೂರ್ಯನ ನಡೆಯನ್ನು ಎಣಿಸಬಲ್ಲವರಿಗೆ ಕಲ್ಯಾಣದ ರಾಜ್ಯದಲ್ಲಿ ಬಿಡುವಿಲ್ಲದ ಕೆಲಸವಿತ್ತೆಂದು ಹೇಳುವುದು ತಪ್ಪಾಗಲಾರದು.

ಆ ಗಣಿತದ ಮೂಲ ಸಾಧನ ಶಂಕು, ಅಂದರೆ ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ 12 ಅಂಗುಲದ ಕಂಬ. ಹಗಲು ರಾತ್ರಿ ಸಮವಾಗಿರುವ ವಿಷುವ ದಿನದ ನಡುಹಗಲಿನಲ್ಲಿ ಆ ಶಂಕುವಿನ ನೆರಳು ಎಷ್ಟು ಅಂಗುಲವೋ ಅದನ್ನು ಪಲಭಾ ಎನ್ನುತ್ತಾರೆ. ಸಮಭಾಜಕದಿಂದ ಊರು ದೂರವಾದಷ್ಟೂ ಪಲಭಾ ಹೆಚ್ಚುತ್ತದೆ. ಬಸವಕಲ್ಯಾಣದ ಪಲಭಾ ಸುಮಾರು 3.87 ಅಂಗುಲ, ಹುಮನಾಬಾದಿನದು ಸುಮಾರು 3.85. ಈ ಒಂದು ಸಂಖ್ಯೆಯಿಂದ ಹಗಲಿನ ಉದ್ದವನ್ನೂ ಲೆಕ್ಕ ಹಾಕಬಹುದು: ಕರಣಗ್ರಂಥಗಳ, ಅಂದರೆ ಗ್ರಹಗಣಿತದ ಕೈಪಿಡಿಗಳ, ನಿಯಮದಂತೆ ಪಲಭಾವನ್ನು 10, 8 ಮತ್ತು 3⅓ರಿಂದ ಬೇರೆ ಬೇರೆಯಾಗಿ ಗುಣಿಸಿ ಕೂಡಿದರೆ ಕಲ್ಯಾಣಕ್ಕೆ ಸುಮಾರು 82½ ವಿಘಳಿಗೆ ಬರುತ್ತದೆ. ಒಂದು ವಿಘಳಿಗೆ 24 ಸೆಕೆಂಡು. ಆದ್ದರಿಂದ ಇದು 33 ನಿಮಿಷ. ಜೂನ್ 21ರ ಸುಮಾರಿನ ಅತಿ ದೀರ್ಘ ಹಗಲಿನಲ್ಲಿ ಸೂರ್ಯ ವಿಷುವ ದಿನಕ್ಕಿಂತ ಅಷ್ಟು ಬೇಗ ಹುಟ್ಟಿ, ಅಷ್ಟೇ ತಡವಾಗಿ ಮುಳುಗುತ್ತಾನೆ. ಆಧುನಿಕ ತ್ರಿಕೋನಮಿತಿಯ ಉತ್ತರ 32 ನಿಮಿಷ. ಕೋಷ್ಟಕವಿಲ್ಲದೆ, ಮೂರು ಗುಣಾಕಾರಗಳಲ್ಲಿ ಇಷ್ಟು ಹತ್ತಿರ ಬರುವ ಈ ವಿಧಾನವನ್ನು ಶಾಲೆಯ ಮಕ್ಕಳಿಗೆ ಕಲಿಸದೆ ಬಿಟ್ಟಿರುವುದು ನಿಜವಾದ ನಷ್ಟ.

ಗಡಿಯಾರ ಕಟ್ಟುವವರಿಗೆ ಪಲಭಾ ಇನ್ನೊಂದು ನೇರ ಉಪಕಾರ ಮಾಡುತ್ತದೆ. ಸೂರ್ಯಗಡಿಯಾರದ ಕಡ್ಡಿಯು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಅಂದರೆ ನೇರ ಉತ್ತರಕ್ಕೆ ಮುಖಮಾಡಿ ಊರಿನ ಅಕ್ಷಾಂಶದಷ್ಟು ಕೋನದಲ್ಲಿ ಮೇಲೇರಿರಬೇಕು. ಅಡಿ 12 ಅಂಗುಲ, ಎತ್ತರ 3.87 ಅಂಗುಲವಿರುವ ಲಂಬಕೋನ ತ್ರಿಭುಜವನ್ನು ಹಲಗೆಯಲ್ಲಿ ಕೊಯ್ದರೆ ಅದರ ಓರೆ ಅಂಚೇ ಆ ಕೋನ. ಕೋನಮಾಪಕ ಬೇಕಿಲ್ಲ, ಭೂಪಟ ಬೇಕಿಲ್ಲ; ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಸುಮಾರಿನ ಒಂದು ನಡುಹಗಲಿನ ನೆರಳು ಸಾಕು.

ಗಾಜಿನ ಬಿಲ್ಲೆ

ಜೈಪುರದ ಜಂತರ್ ಮಂತರ್ ವೇಧಶಾಲೆಯಲ್ಲಿ, 27 ಮೀಟರ್ ಎತ್ತರದ ಸಮ್ರಾಟ್ ಯಂತ್ರವೆಂಬ ಸೂರ್ಯಗಡಿಯಾರದ ಹಿರಿಮೆಯ ಮುಂದೆ ಅನೇಕರು ಗಮನಿಸದೆ ಹೋಗುವ ನಾಡೀವಲಯ ಯಂತ್ರವೊಂದಿದೆ. ಸವಾಯಿ ಜಯಸಿಂಹನು 18ನೇ ಶತಮಾನದಲ್ಲಿ ಕಟ್ಟಿಸಿದ ಈ ಯಂತ್ರಕ್ಕೆ ವಿಷುವದ್ವೃತ್ತಕ್ಕೆ ಸಮಾನಾಂತರವಾದ ಎರಡು ದುಂಡು ಮುಖಗಳಿವೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ತರದ ಮುಖದಲ್ಲೂ, ಉಳಿದ ಆರು ತಿಂಗಳು ದಕ್ಷಿಣದ ಮುಖದಲ್ಲೂ ನೆರಳು ಓಡುತ್ತದೆ. ಇದೇ ರಚನೆಯನ್ನು ಹಾಲುಬಣ್ಣದ ಗಾಜಿನ ಒಂದೇ ಬಿಲ್ಲೆಯಲ್ಲಿ ಮಾಡಿದರೆ, ಒಂದು ಮುಖದ ಮೇಲೆ ಬಿದ್ದ ನೆರಳು ಇನ್ನೊಂದು ಮುಖದಿಂದಲೂ ಕಾಣುವುದರಿಂದ, ಒಂದೇ ಕಡೆ ನಿಂತು ವರ್ಷವಿಡೀ ಸಮಯ ನೋಡಬಹುದು. ಕಲ್ಲಿಗೆ ಸಾಧ್ಯವಾಗದ್ದು ಗಾಜಿಗೆ ಸಾಧ್ಯವಾಗುವ ಜಾಗ ಇದು. ಕಲ್ಯಾಣದ ಅಕ್ಷಾಂಶಕ್ಕೆ ಇದಕ್ಕಿಂತ ಒಪ್ಪುವ ರೂಪ ಬೇರೊಂದಿಲ್ಲವೆಂದೇ ಹೇಳಬೇಕು.

ಗೆರೆ ಎಳೆಯುವುದೂ ಇದರಲ್ಲಿ ಅತಿ ಸುಲಭ. ಕಿಟಕಿ ಗಡಿಯಾರದಲ್ಲಿ ಗಂಟೆ ಗಂಟೆಗೂ ಕೋನ ಬದಲಾಗುತ್ತದೆ. ಬಿಲ್ಲೆಯಲ್ಲಿ ಪ್ರತಿ ಗಂಟೆಗೂ 15 ಡಿಗ್ರಿ, ಪ್ರತಿ ಘಳಿಗೆಗೂ, ಅಂದರೆ 24 ನಿಮಿಷಕ್ಕೆ, 6 ಡಿಗ್ರಿ. 30 ಸೆಂಟಿಮೀಟರ್ ಅಡ್ಡಳತೆಯ ಬಿಲ್ಲೆಯ ಅಂಚಿನಲ್ಲಿ ಒಂದು ಗಂಟೆಗೆ ಸುಮಾರು 3.9 ಸೆಂಟಿಮೀಟರ್, ನಾಲ್ಕು ನಿಮಿಷಕ್ಕೆ ಸುಮಾರು 2.6 ಮಿಲಿಮೀಟರ್ ಜಾಗ ಸಿಗುತ್ತದೆ. ಹೊರ ಬಳೆಯಲ್ಲಿ ಗಂಟೆಯನ್ನೂ ಒಳ ಬಳೆಯಲ್ಲಿ ಘಳಿಗೆಯನ್ನೂ ಕನ್ನಡ ಅಂಕಿಗಳಲ್ಲಿ ಬರೆದರೆ ಎರಡೂ ಲೆಕ್ಕ ಒಟ್ಟಿಗೆ ಕಾಣುತ್ತವೆ. ಕಡ್ಡಿ ಬಿಲ್ಲೆಯ ನಡುವೆ ಲಂಬವಾಗಿ ಹಾಯ್ದು ಎರಡೂ ಕಡೆ ಚಾಚಿರಬೇಕು. ಜೂನ್, ಡಿಸೆಂಬರ್‌ಗಳಲ್ಲಿ ಸೂರ್ಯನ ಕ್ರಾಂತಿ 23.4 ಡಿಗ್ರಿಯಿದ್ದಾಗಲೂ ನೆರಳು ಅಂಚನ್ನು ಮುಟ್ಟಬೇಕಾದರೆ ಒಂದೊಂದು ಕಡೆಯೂ 7 ಸೆಂಟಿಮೀಟರ್ ಉದ್ದ ಸಾಕು. ಕಬ್ಬಿಣ ತುಕ್ಕು ಹಿಡಿದು ಗಾಜಿನ ಮೇಲೆ ಕಂದು ಬಣ್ಣ ಇಳಿಸುವುದರಿಂದ ಹಿತ್ತಾಳೆಯ ಕಡ್ಡಿಯೇ ಲೇಸು.

ಮೊದಲ ಪ್ರಯತ್ನವನ್ನು ಗಾಜಿನಲ್ಲಿ ಮಾಡದಿರುವುದು ಜಾಣತನ. ಅಂಗಡಿಗಳ ನಾಮಫಲಕಕ್ಕೆ ಬಳಸುವ ಹಾಲುಬಿಳಿಯ ಅಕ್ರಿಲಿಕ್ ಹಾಳೆಯನ್ನು ದುಂಡಗೆ ಕೊಯ್ಸಿ, ಸ್ಟಿಕ್ಕರ್ ಕತ್ತರಿಸುವ ಅಂಗಡಿಯಲ್ಲಿ ಗೆರೆ, ಅಂಕಿಗಳನ್ನು ತೆಗೆಸಿ ಅಂಟಿಸಿದರೆ ಸ್ವಲ್ಪ ಖರ್ಚಿನಲ್ಲೇ ಪೂರ್ಣ ಗಡಿಯಾರವಾಗುತ್ತದೆ. ಕೆಲವು ತಿಂಗಳು ಅದರಲ್ಲಿ ಸಮಯ ನೋಡಿ ತಿದ್ದುಪಡಿಗಳು ನಿಶ್ಚಯವಾದ ಮೇಲೆ ಗಾಜಿಗೆ ಕೈಹಾಕಬೇಕು. ಶಾಶ್ವತ ಗೆರೆಗೆ ಗಾಜಿನ ಪುಡಿ ಮತ್ತು ಲೋಹದ ಆಕ್ಸೈಡ್ ಬೆರೆತ ವಿಶೇಷ ಬಣ್ಣವನ್ನು ಹಚ್ಚಿ, ವಿದ್ಯುತ್ ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖದಲ್ಲಿ ಬೇಯಿಸಿ, ನಿಧಾನವಾಗಿ ಆರಿಸಬೇಕು. ಆಗ ಬಣ್ಣ ಗಾಜಿನೊಡನೆ ಒಂದಾಗಿ ಮಳೆಬಿಸಿಲಿಗೆ ಅಳಿಯುವುದಿಲ್ಲ. ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿ, ಆ ಪಟ್ಟಿಗಳನ್ನೇ ಗಂಟೆಯ ಗೆರೆಗಳಾಗಿ ಬಳಸುವ ಆಲೋಚನೆ ಸುಂದರವಾದುದು, ಆದರೆ 5 ಮಿಲಿಮೀಟರ್ ಅಗಲದ ಪಟ್ಟಿಯು ಮೇಲೆ ಹೇಳಿದ ಅಳತೆಯ ಬಿಲ್ಲೆಯಲ್ಲಿ ಸುಮಾರು ಎಂಟು ನಿಮಿಷವನ್ನು ನುಂಗಿಬಿಡುತ್ತದೆ. ಬಣ್ಣದ ತುಂಡುಗಳನ್ನು ಹೊರಬಳೆಗೆ ಸೀಮಿತಗೊಳಿಸಿ, ನೆರಳು ಓಡುವ ಜಾಗವನ್ನು ಒಂದೇ ತುಂಡಿನ ಬಿಳಿ ಗಾಜಿನಲ್ಲಿ ಉಳಿಸಿಕೊಳ್ಳುವುದು ಉತ್ತಮ. ಸೀಸದೊಡನೆ ಕೆಲಸ ಮಾಡುವವರು ಗಾಳಿಯಾಡುವ ಜಾಗದಲ್ಲಿ ಬೆಸುಗೆ ಹಾಕಬೇಕು, ಕೈ ತೊಳೆಯದೆ ಊಟಕ್ಕೆ ಕೂರಬಾರದು, ಮಕ್ಕಳ ಕೈಗೆ ಸೀಸವನ್ನು ಕೊಡಲೇಬಾರದು.

ಗಾಜು ಒಡೆಯುವುದು ಹೆಚ್ಚಾಗಿ ಕಡ್ಡಿಯ ತೂತಿನ ಬಳಿ. ಲೋಹವೂ ಗಾಜೂ ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ, ತೂತನ್ನು ನೀರು ಹನಿಸುತ್ತಾ ವಜ್ರದ ಮೊನೆಯಿಂದ ಕೊರೆಸಿ, ಕಡ್ಡಿಗಿಂತ ಎರಡು ಮೂರು ಮಿಲಿಮೀಟರ್ ದೊಡ್ಡದಾಗಿಟ್ಟು, ನಡುವೆ ರಬ್ಬರ್ ವಾಷರ್ ಕೂರಿಸಬೇಕು. ಬಿಲ್ಲೆಯ ಸುತ್ತಲಿನ ಕಟ್ಟನ್ನು ಬೀದರಿನ ಬಿದ್ರಿ ಕುಶಲಕರ್ಮಿಗಳಿಂದ ಮಾಡಿಸಿ, ಕಪ್ಪು ಲೋಹದ ಮೇಲೆ ಬೆಳ್ಳಿಯ ತಂತಿಯಲ್ಲಿ ಅಂಕಿಗಳನ್ನು ಕೂರಿಸಿದರೆ ಈ ಗಡಿಯಾರಕ್ಕೆ ಜಿಲ್ಲೆಯ ಮುದ್ರೆಯೇ ಬಿದ್ದಂತಾಗುತ್ತದೆ. ಮಳೆಗೆ ಬೆಳ್ಳಿ ಮಾಸುವುದರಿಂದ ಅಂಥದ್ದನ್ನು ಪಾರದರ್ಶಕ ಗಾಜಿನ ಸೂರಿನ ಕೆಳಗಿಡಬೇಕು.

ದಿಕ್ಕು ಮತ್ತು ತಿದ್ದುಪಡಿ

ನಿಲ್ಲಿಸುವ ಜಾಗ ಮಾಳಿಗೆಯಾಗಲಿ ಅಂಗಳವಾಗಲಿ, ರಸಮಟ್ಟದಿಂದ ಸಮತಟ್ಟು ಮಾಡಿಕೊಂಡು ಉತ್ತರ ದಿಕ್ಕನ್ನು ಶಂಕುವಿನಿಂದಲೇ ಗುರುತಿಸಬೇಕು. ದಿಕ್ಸೂಚಿಯ ಮುಳ್ಳು ಹತ್ತಿರದ ಕಬ್ಬಿಣದ ಸರಳುಗಳಿಗೆ ವಾಲುತ್ತದೆ. ಸೂರ್ಯಸಿದ್ಧಾಂತವೆಂಬ ಖಗೋಳ ಗ್ರಂಥದ ತ್ರಿಪ್ರಶ್ನಾಧಿಕಾರವೆಂಬ ಅಧ್ಯಾಯದಲ್ಲಿ ಹೇಳಿರುವ ವಿಧಾನ ಸರಳವಾಗಿದೆ. ಶಂಕುವನ್ನು ನಡುವಿಟ್ಟು ಒಂದು ವೃತ್ತ ಎಳೆದು, ಪೂರ್ವಾಹ್ಣದಲ್ಲಿ ನೆರಳಿನ ತುದಿ ವೃತ್ತದ ಒಳಗೆ ಬರುವ ಬಿಂದುವನ್ನೂ ಅಪರಾಹ್ಣದಲ್ಲಿ ಹೊರಗೆ ಹೋಗುವ ಬಿಂದುವನ್ನೂ ಗುರುತಿಸಿ ಜೋಡಿಸಿದರೆ ಪೂರ್ವ–ಪಶ್ಚಿಮ ರೇಖೆ ಸಿಗುತ್ತದೆ. ಅದಕ್ಕೆ ಲಂಬವಾದುದು ಉತ್ತರ–ದಕ್ಷಿಣ. ಆ ರೇಖೆಯ ಮೇಲೆ ತ್ರಿಭುಜದ ಹಲಗೆಯನ್ನು, ಎತ್ತರದ ತುದಿ ಉತ್ತರಕ್ಕಿರುವಂತೆ ನಿಲ್ಲಿಸಿ, ಕಡ್ಡಿಯನ್ನು ಓರೆ ಅಂಚಿಗೆ ಸಮಾನಾಂತರವಾಗಿ ಕೂರಿಸಿದರೆ ಬಿಲ್ಲೆ ತಾನಾಗಿಯೇ ಸರಿಯಾದ ಓರೆಗೆ ಬಂದು, ಅದರ ಮೇಲಂಚು ಸ್ವಲ್ಪ ದಕ್ಷಿಣಕ್ಕೆ ಬಾಗಿರುತ್ತದೆ. ಉತ್ತರದ ಕಡೆ ನಿಂತು ನೋಡುವವರಿಗೆ ನೆರಳು ಸಾಮಾನ್ಯ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗುತ್ತದೆ.

ಹೀಗೆ ನಿಲ್ಲಿಸಿದ ಗಡಿಯಾರ ತೋರಿಸುವುದು ಕಲ್ಯಾಣದ ಸ್ವಂತ ಸಮಯವನ್ನು. ಕೈಗಡಿಯಾರ ತೋರಿಸುವುದು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಗೊತ್ತುಮಾಡಿದ ಭಾರತೀಯ ಪ್ರಮಾಣ ಕಾಲವನ್ನು. ಬಸವಕಲ್ಯಾಣ ಸುಮಾರು 76.95 ಡಿಗ್ರಿ ರೇಖಾಂಶದಲ್ಲಿರುವುದರಿಂದ ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 22 ನಿಮಿಷ ಹಿಂದಿದೆ. ಹುಮನಾಬಾದ್ ಅದಕ್ಕಿಂತ ಮುಕ್ಕಾಲು ನಿಮಿಷದಷ್ಟು ಮುಂದಿದೆ. ಬಿಲ್ಲೆಯಲ್ಲಿ ಈ ಅಂತರವನ್ನು ಸರಿಪಡಿಸಲು ಲೆಕ್ಕ ಬೇಕಿಲ್ಲ: 12ರ ಗೆರೆ ಪಶ್ಚಿಮದ ಕಡೆಗೆ 5½ ಡಿಗ್ರಿ ಸರಿಯುವಂತೆ ಇಡೀ ಬಿಲ್ಲೆಯನ್ನು ತಿರುಗಿಸಿ ಬಿಗಿದರೆ ಮುಗಿಯಿತು. ಇನ್ನೊಂದು ಅಂತರ ಮಾತ್ರ ದಿನದಿನಕ್ಕೂ ಬದಲಾಗುತ್ತದೆ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ಓರೆಯಾಗಿರುವುದರಿಂದಲೂ ಸೂರ್ಯ ಸಮವಾದ ವೇಗದಲ್ಲಿ ಸಾಗುವಂತೆ ಕಾಣುವುದಿಲ್ಲ. ಈ ವ್ಯತ್ಯಾಸವನ್ನು ಕಾಲಸಮೀಕರಣ ಎನ್ನುತ್ತಾರೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಸುಮಾರಿಗೆ ಅದು ಸೊನ್ನೆ. ಫೆಬ್ರವರಿ 11ರ ಸುಮಾರಿಗೆ ಸೂರ್ಯ 14 ನಿಮಿಷ ಹಿಂದೆ ಬಿದ್ದು, ಕಲ್ಯಾಣದಲ್ಲಿ ನಿಜವಾದ ಮಧ್ಯಾಹ್ನ ಕೈಗಡಿಯಾರದ 12 ಗಂಟೆ 36 ನಿಮಿಷಕ್ಕೆ ಆಗುತ್ತದೆ. ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದೆ ಬಂದು 12 ಗಂಟೆ 6 ನಿಮಿಷಕ್ಕೇ ಆಗುತ್ತದೆ. ಈ ತಿದ್ದುಪಡಿಯ ಪಟ್ಟಿಯನ್ನು ಗಡಿಯಾರದ ಬುಡದಲ್ಲಿ ಕೆತ್ತಿಸುವುದು ಹಳೆಯ ವಾಡಿಕೆ. ವಿಷುವದ ಆಸುಪಾಸಿನ ಕೆಲವು ದಿನ ಬಿಸಿಲು ಬಿಲ್ಲೆಯ ಅಂಚಿಗೆ ಸಮವಾಗಿ ಬೀಳುವುದರಿಂದ ನೆರಳು ಸ್ಪಷ್ಟವಾಗಿರುವುದಿಲ್ಲ. ಅದೊಂದು ಕೊರತೆಯನ್ನು ಒಪ್ಪಿಕೊಳ್ಳಬೇಕು.

ನೆರಳಿನವರ ಕೂಟ

ಸೂರ್ಯಗಡಿಯಾರಪ್ರಿಯರು ಸಂಘಟಿತರಾಗಿರುವುದು ಇತ್ತೀಚಿನ ಬೆಳವಣಿಗೆ. ಫ್ರಾನ್ಸಿನ ಖಗೋಳ ಸಂಘದ ಸೂರ್ಯಗಡಿಯಾರ ಸಮಿತಿ 1972ರಲ್ಲೂ, ಬ್ರಿಟಿಷ್ ಸೂರ್ಯಗಡಿಯಾರ ಸಂಘ 1989ರಲ್ಲೂ, ಉತ್ತರ ಅಮೆರಿಕದ ಸಂಘ 1994ರಲ್ಲೂ ಹುಟ್ಟಿದವು. ಇವುಗಳ ವಾರ್ಷಿಕ ಸಭೆಗಳಲ್ಲಿ ಉಪನ್ಯಾಸಗಳ ಜೊತೆಗೆ ಆಸುಪಾಸಿನ ಹಳೆಯ ಗಡಿಯಾರಗಳ ಭೇಟಿಯೂ, ಸದಸ್ಯರು ತಾವೇ ಮಾಡಿದ ಸಾಧನಗಳ ಪ್ರದರ್ಶನವೂ ಇರುತ್ತವೆ. ಗಣಿತದವರು, ಶಿಲ್ಪಿಗಳು, ಗಾಜಿನ ಕೆಲಸದವರು, ಇತಿಹಾಸಕಾರರು ಒಂದೇ ಮೇಜಿನ ಸುತ್ತ ಕೂರುವುದೇ ಅವುಗಳ ಬಲ. ಬಸವಕಲ್ಯಾಣ–ಹುಮನಾಬಾದಿನಲ್ಲಿ ಅಂಥ ಕೂಟ ನಡೆಸುವವರು ಶಾಲೆ–ಕಾಲೇಜುಗಳ ವಿಜ್ಞಾನ ಶಿಕ್ಷಕರನ್ನಷ್ಟೇ ಅಲ್ಲದೆ ಪಂಚಾಂಗ ಬಲ್ಲವರನ್ನೂ, ಗೌಂಡಿ, ಬಡಗಿಗಳನ್ನೂ, ಬಿದ್ರಿ ಕೆಲಸದವರನ್ನೂ ಕರೆಯಬೇಕು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ ಮತ್ತು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಗಳ ಸಲಹೆಯನ್ನೂ ಕೋರಬಹುದು.

ದಿನದ ಆಯ್ಕೆಯೇ ಕೂಟದ ಅರ್ಧ ಕೆಲಸ. ಮೇ 11–12ರ ಸುಮಾರಿಗೆ ಎರಡೂ ಪಟ್ಟಣಗಳಲ್ಲಿ ಸೂರ್ಯ ನಡುನೆತ್ತಿಗೆ ಬಂದು, ಮಧ್ಯಾಹ್ನ 12 ಗಂಟೆ 18 ನಿಮಿಷದ ವೇಳೆಗೆ ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಇದಕ್ಕೆ ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಆಗಸ್ಟ್ 1–2ರ ಸುಮಾರಿಗೆ ಮತ್ತೊಮ್ಮೆ ಇದು ನಡೆದರೂ ಮಳೆಗಾಲದ ಮೋಡ ನಂಬುವಂಥದ್ದಲ್ಲ. ಮೇ ತಿಂಗಳ ಬಿಸಿಲು ಇಲ್ಲಿ ಕಠೋರವಾದುದರಿಂದ ಅಳತೆಯನ್ನು ಅರ್ಧ ಗಂಟೆಗೆ ಮಿತಿಗೊಳಿಸಿ, ಕುಡಿಯುವ ನೀರು, ನೆರಳಿನ ಚಪ್ಪರಗಳನ್ನು ಸಿದ್ಧವಿಟ್ಟು, ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಇದಕ್ಕಿಂತ ಫಲದಾಯಕವಾದ ದಿನ ಏಪ್ರಿಲ್ 24–25. ಆ ಹೊತ್ತಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳು. ಬೆಂಗಳೂರೂ ಹುಮನಾಬಾದೂ ಬಹುತೇಕ ಒಂದೇ ರೇಖಾಂಶದ ಮೇಲಿವೆ, ನಡುವಣ ಉತ್ತರ–ದಕ್ಷಿಣ ಅಂತರ ಸುಮಾರು 530 ಕಿಲೋಮೀಟರ್. ಅಂದು ಹುಮನಾಬಾದಿನ ನಡುಹಗಲಿನಲ್ಲಿ ಒಂದು ಮೀಟರ್ ಕಂಬದ ನೆರಳು ಸುಮಾರು 8.4 ಸೆಂಟಿಮೀಟರ್ ಬರುತ್ತದೆ. ಅದು ಸೂಚಿಸುವ ಕೋನ 4.8 ಡಿಗ್ರಿ, ಎಂದರೆ ವೃತ್ತದ 75ನೇ ಒಂದು ಭಾಗ. 530ನ್ನು 75ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಎರಟೋಸ್ತನೀಸನು ಈಜಿಪ್ಟಿನ ಎರಡು ಊರುಗಳ ನಡುವೆ ಮಾಡಿದ ಲೆಕ್ಕವನ್ನು ಕರ್ನಾಟಕದ ಎರಡು ಶಾಲೆಗಳು ಒಂದು ದೂರವಾಣಿ ಕರೆಯ ನೆರವಿನಿಂದ ಮಾಡಬಹುದು.

ಡಿಸೆಂಬರ್, ಜನವರಿಗಳ ಹವೆ ಹಿತವಾಗಿದ್ದು ಆಕಾಶ ಶುಭ್ರವಾಗಿರುವುದರಿಂದ ಎರಡು ದಿನದ ಸಭೆಗೆ ಅವೇ ಸೂಕ್ತ. ಆದರೆ ಡಿಸೆಂಬರಿನ ಸುಮಾರಿಗೆ ಹುಮನಾಬಾದಿನ ಬಳಿಯ ಮಾಣಿಕನಗರದ ದತ್ತಜಯಂತಿ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಬರುವುದರಿಂದ ವಸತಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಹೊರಗಿನಿಂದ ಬರುವವರಿಗೆ ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದನ್ನು ಮುಟ್ಟಿಸುತ್ತದೆ. ಒಂದು ಪೂರ್ವಾಹ್ಣವನ್ನು ಬಸವಕಲ್ಯಾಣದ ಬಳಿಯ ನಾರಾಯಣಪುರ ಅಥವಾ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ದೇವಾಲಯದ ಬಳಿ ಕಳೆದು, ಶಂಕುವಿನಿಂದ ಪಡೆದ ಪೂರ್ವ ದಿಕ್ಕಿಗೂ ಗುಡಿಯ ಗೋಡೆಯ ದಿಕ್ಕಿಗೂ ಎಷ್ಟು ಅಂತರವಿದೆಯೆಂದು ನೋಡಬಹುದು. ಶಂಕುವನ್ನು ಹಲಗೆಯ ಮೇಲೆ ನಿಲ್ಲಿಸಿ ಕಾಗದದಲ್ಲಿ ಗುರುತು ಮಾಡಬೇಕೇ ಹೊರತು ಕಲ್ಲಿನ ಮೇಲೆ ಬಳಪವನ್ನೂ ಆಡಿಸಬಾರದು, ಕೋಟೆಯಂಥ ಸಂರಕ್ಷಿತ ಸ್ಥಳಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಪಡೆಯದೆ ಸಾಧನಗಳನ್ನು ಹೂಡಬಾರದು. ಅಳತೆಗಳನ್ನು ಬರೆದಿಡುವಾಗ ದಿನಾಂಕ, ಕೈಗಡಿಯಾರದ ಸಮಯ, ಶಂಕುವಿನ ಎತ್ತರ, ನೆರಳಿನ ಉದ್ದ, ನಿಂತ ಜಾಗದ ಅಕ್ಷಾಂಶ–ರೇಖಾಂಶ ಈ ಐದನ್ನೂ ನಮೂದಿಸಬೇಕು. ಒಂದನ್ನು ಬಿಟ್ಟರೂ ಮುಂದಿನ ವರ್ಷ ಬರುವವರಿಗೆ ಆ ಸಾಲಿನಿಂದ ಪ್ರಯೋಜನವಿಲ್ಲ.